ಸೆಲ್ಬಿ ಮಾಮನ ಪಟ್ಟಿ

ಅಕ್ಟೋಬರ್ 3, ಬೆಳಿಗ್ಗೆ

ಮತ್ತೆ ಅದೇ ಫಾರಂ, ಆರೋಗ್ಯ ಕಚೇರಿಯದು; ಊರ ಸಮಿತಿಯ ಪರವಾಗಿ ತುಂಬುವವಳು ನಾನೇ. ‘ಊರಿನ ವಿವರ’, ಆರು ಪುಟ. ಹೆಸರು: ಟರ್ ಕೋವ್, ನ್ಯೂಫೌಂಡ್‌ಲ್ಯಾಂಡ್. ದೋಣಿ ನಿಲ್ಲುವ ಧಕ್ಕೆ: ಒಂದು. ರಸ್ತೆ: ಇಲ್ಲ. ಉಳಿದಿರುವುದು ಜನಸಂಖ್ಯೆ. ವರ್ಷವಿಡೀ ಇಲ್ಲೇ ಇರುವವರು ಐವತ್ತಕ್ಕಿಂತ ಕಡಿಮೆಯಾದರೆ ಜನವರಿಯಿಂದ ನರ್ಸ್ ಬರುವುದಿಲ್ಲ. ಅತ್ತೆಯ ಕಾಲಿನ ಹುಣ್ಣಿಗೆ ಪ್ರತಿ ಗುರುವಾರ ಪಟ್ಟಿ ಕಟ್ಟುವವಳು ಅವಳೇ. ಎಣಿಸುವ ಕೆಲಸ ಸಮಿತಿಯ ಅಧ್ಯಕ್ಷ ಸೆಲ್ಬಿ ಮಾಮನದು. ವಾರದಿಂದ ಕಾಯುತ್ತಿದ್ದೇನೆ.

ಅಕ್ಟೋಬರ್ 4

ಬಂತು. ಐವತ್ತೆರಡು ಹೆಸರು. ಎರಡು ಸಲ ಓದಿದೆ. ಆಲ್ಬರ್ಟಾದ ಎಣ್ಣೆ ಗಣಿಗಳಲ್ಲಿ ದುಡಿಯುವ ನಾಲ್ವರು ಇದ್ದಾರೆ — ಕ್ರಿಸ್‌ಮಸ್‌ಗೆ ಬಂದರೆ ಬಂದರು. ಹೊರಗಿನಿಂದ ಬಂದು ಇಲ್ಲೇ ನೆಲೆಸಿರುವ ಟೀಚರ್ ಡೋರ್ಕಾಸ್ ಇಲ್ಲ. ನಾನೂ ಇಲ್ಲ.

“ಮಾಮ, ನನ್ನ ಹೆಸರೆಲ್ಲಿ?”

“ನೀನು ಒಂಟಾರಿಯೋದವಳಲ್ವಾ, ಚಿನ್ನಾ.”

“ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷ ಆಯ್ತು!”

“ಇರಮ್ಮ, ಯಾರು ಬೇಡ ಅಂದ್ರು? ನಿನ್ನ ಬ್ರೆಡ್ಡು ನನಗೂ ಇಷ್ಟಾನೇ. ಆದ್ರೆ ಇದು ನಮ್ಮೂರಿನವ್ರ ಪಟ್ಟಿ.”

ಆಲ್ಬರ್ಟಾದ ಆ ನಾಲ್ವರಲ್ಲಿ ಒಬ್ಬ ಮಾಮನ ಮಗ ಕ್ಲೇಟನ್. ಹೋಗಿ ಹನ್ನೊಂದು ವರ್ಷ.

ನನ್ನ ಸಿಟ್ಟು ನರ್ಸಿಗಾಗಿಯೋ, ನನ್ನ ಹೆಸರಿಗಾಗಿಯೋ? ಗೊತ್ತಿಲ್ಲ...

ಅಕ್ಟೋಬರ್ 6

ನನಗೆ ಒಂದು ಮಾತೂ ಹೇಳದೆ ಮಾಮ ಪಟ್ಟಿಯನ್ನು ಬೆಳಗಿನ ದೋಣಿಯಲ್ಲಿ ಕಳಿಸಿಬಿಟ್ಟಿದ್ದಾರೆ. ನನ್ನ ಗಂಡ ಹೆಡ್ಲಿಗೆ ನಗು. “ಐವತ್ತೆರಡು ಇದೆಯಲ್ಲ, ಬಿಡೇ.” ಬಿಟ್ಟೆ. ಬಿಡಬಾರದಿತ್ತು.

ಅಕ್ಟೋಬರ್ 17, ಸಂಜೆ 5.20

ಮಧ್ಯಾಹ್ನ ಆರೋಗ್ಯ ಕಚೇರಿಯಿಂದ ಫೋನ್. ನಾಲ್ವರ ಹೆಲ್ತ್ ಕಾರ್ಡ್ ಆಲ್ಬರ್ಟಾದ್ದು, ಹಾಗಾಗಿ ಲೆಕ್ಕಕ್ಕೆ ನಲವತ್ತೆಂಟೇ. ತಿದ್ದಿ, ಅಧ್ಯಕ್ಷರ ಸಹಿಯೊಡನೆ ಇಂದೇ ಐದರೊಳಗೆ ಪಟ್ಟಿಯ ಫೋಟೊ ಕಳಿಸಬೇಕು.

ಪಟ್ಟಿಯ ನಕಲು ಹಿಡಿದು ಓಡಿದೆ. ಮಾಮ ಶೆಡ್ಡಿನಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದರು. ಕೈ ಒರೆಸಿಕೊಂಡು ಮೂರು ಹೆಸರು ಹೊಡೆದುಹಾಕಿದರು. ಡೋರ್ಕಾಸ್ ಹೆಸರು ಬರೆದರು, ನನ್ನದನ್ನೂ. ಸಹಿ ಹಾಕಿದರು. ಕ್ಲೇಟನ್ ಹತ್ತಿರ ಪೆನ್ನು ನಿಂತಿತು.

“ಇವನೊಬ್ಬ ಇರ್ಲಿ.”

“ಇದ್ರೆ ಪಟ್ಟಿ ಪೂರ್ತಿ ವಾಪಸ್ ಬರುತ್ತೆ, ಮಾಮ.”

ಪೆನ್ನನ್ನು ನನ್ನ ಕಡೆ ಚಾಚಿದರು. “ಹಾಗಾದ್ರೆ ನೀನೇ ಹೊಡಿ. ಹೊರಗಿನವಳು. ನಿನಗೆ ಸುಲಭ.”

ಹೊಡೆದೆ. ಗೆರೆ ನೇರವಾಗಿಯೇ ಬಂತು. ಫೋಟೊ 4.52ಕ್ಕೆ ಹೋಯಿತು. ಐವತ್ತು. ನರ್ಸ್ ಬರುತ್ತಾಳೆ.

“ಬರ್ತೀನಿ, ಮಾಮ” ಎಂದೆ. ಮಾಮ ಉಪ್ಪು ಹಾಕುತ್ತಲೇ ಇದ್ದರು — ಆಗಲೇ ಹಾಕಿ ಮುಗಿಸಿದ್ದ ಮೀನಿಗೇ, ಮತ್ತೆ ಮತ್ತೆ, ಹಿಡಿ ಹಿಡಿಯಾಗಿ. ತಡೆಯೋಣವೆಂದು ಕೈ ಚಾಚಿದೆ, ಆದರೆ ಆ ಕೈಯಲ್ಲಿ ಇನ್ನೂ ಅವರ ಪೆನ್ನೇ ಇತ್ತು.