ಇಬ್ಬರಿಗಾಗುವಷ್ಟು ಅನ್ನ

ಪಾಣೆಮಂಗಳೂರು
೧೪ ಆಗಸ್ಟ್ ೨೦೨೫

ಪ್ರೀತಿಯ ಚಿದಾನಂದ,

ಚಾರ್ಮಾಡಿಯಲ್ಲಿ ನಿನ್ನ ಫೋನ್ ಸಿಗುವುದಿಲ್ಲ, ನನಗೆ ಬರೆಯಲು ಸೋಮಾರಿತನ. ತಡವಾಯಿತು, ಬೈಯಬೇಡ. ನಿನ್ನ ತಾಯಿ ಪ್ರೇಮಾವತಿ ಅಮ್ಮನ ಮಂಡಿನೋವು ಹೇಗುಂಟು?

ಪಾರ್ಶ್ವವಾಯು ಬಡಿದು ನನ್ನ ಉಮ್ಮನ ಬಲಗೈ ಬಿದ್ದುಹೋದದ್ದು ನಿನಗೆ ಗೊತ್ತು. ಮಳೆಗಾಲ ಶುರುವಾದಾಗಿನಿಂದ ಅವಳನ್ನು ಬಸ್ಸಿನಲ್ಲಿ ಮೂಡುಬಿದಿರೆಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ಅಲ್ಲೊಂದು ರೋಬೋಟ್ ಉಂಟು. ಅದರ ಲೋಹದ ತೋಳಿಗೆ ಉಮ್ಮನ ಕೈಯನ್ನು ಪಟ್ಟಿಯಿಂದ ಬಿಗಿಯುತ್ತಾರೆ. ಪರದೆಯಲ್ಲಿ ಕಾಣುವ ಲೋಟವನ್ನು ಅವಳು ಬಾಯಿಯವರೆಗೆ ತರಬೇಕು. ಆದಷ್ಟು ಅವಳೇ ಎತ್ತುತ್ತಾಳೆ, ಆಗದಷ್ಟನ್ನು ಮಾತ್ರ ಯಂತ್ರ ಎತ್ತುತ್ತದೆ. ನಮ್ಮ ಕರಪತ್ರದಲ್ಲಿ ಬರೆದ, ಕೈಲಾದಷ್ಟು ಕೊಟ್ಟು ಬೇಕಾದಷ್ಟು ಪಡೆಯುವ ಸಮಾಜ ಇದೇ ಅಲ್ಲವಾ ಮಾರಾಯ! ಪ್ರತಿ ತಾಲೂಕಿನಲ್ಲೂ ಇದು ಬಡವರಿಗೆ ಉಚಿತವಾಗಿ ಸಿಗಬೇಕು ಎಂದು ಅಲ್ಲೇ ಶುರುಮಾಡಿದೆ.

"ಭಾಷಣ ಆಮೇಲೆ ಮಾಡುವ, ಈಗ ಉಮ್ಮನ ಭುಜ ಹಿಡ್ಕೊಳ್ಳಿ" ಎಂದರು ಫಿಸಿಯೋಥೆರಪಿಯ ವಿಸ್ಮಿತಾ.

ಉಮ್ಮ ನಕ್ಕಳು. "ಈ ಮೆಶಿನ್ ಒಳ್ಳೇದು ಮೋನೆ. ನಾನು ತಪ್ಪಿದ್ರೆ ನಿನ್ನ ಹಾಗೆ ಬೊಬ್ಬೆ ಹಾಕುದಿಲ್ಲ."

ಊಟದ್ದೇ ಕಷ್ಟವಾಗಿತ್ತು. ಎಡಗೈಯಲ್ಲಿ ಉಣ್ಣಲು ಅವಳು ಸುತಾರಾಂ ಒಪ್ಪಲಿಲ್ಲ. ಎರಡೂ ಕೈ ಸಮಾನ ಎಂದು ವಾದಿಸಿದೆ. "ಸಮಾನವೇ. ಆದ್ರೆ ಅದು ಉಣ್ಣುವ ಕೈ ಅಲ್ಲ" ಎಂದಳು. ಸೊಸೆ, ಮೊಮ್ಮಕ್ಕಳ ಎದುರು ತುತ್ತು ತಿನ್ನಿಸಿಕೊಳ್ಳಲು ನಾಚಿಕೆ. ಕೊನೆಗೆ ಮನೆಯ ಹಿಂಬದಿಯ ನನ್ನ ಕೋಣೆಗೆ ಬಂದಳು. ಅಣ್ಣನ ಮಗಳು ಆಫ್ರಾಳ ಮದುವೆಯಲ್ಲಿ ನಾವು ವರದಕ್ಷಿಣೆ ವಿರುದ್ಧ ಕರಪತ್ರ ಹಂಚಿದೆವಲ್ಲ, ಅಂದಿನಿಂದ ಅಣ್ಣ ನನ್ನನ್ನು ಊಟಕ್ಕೆ ಕರೆಯುವುದಿಲ್ಲ. ನಾನು ಒಬ್ಬನೇ ಉಣ್ಣುತ್ತಿದ್ದದ್ದು ಆ ಕೋಣೆಯಲ್ಲೇ. ಬಾಗಿಲು ಮುಚ್ಚಿ, ಒಂದೇ ಬಟ್ಟಲಿನಿಂದ ಉಮ್ಮನಿಗೊಂದು ತುತ್ತು, ನನಗೊಂದು.

ಕಳೆದ ಶುಕ್ರವಾರ ಎಲ್ಲರೂ ಮಸೀದಿಯಿಂದ ಬಂದು ಊಟಕ್ಕೆ ಕೂತಿದ್ದರು. ಉಮ್ಮ ಸೀದಾ ನಡುಮನೆಗೆ ನಡೆದಳು. ರುಕಿಯಾ ಅತ್ತಿಗೆ, "ಉಮ್ಮ ಬಂದ್ರು, ಜಾಗ ಬಿಡಿ ಮಕ್ಕಳೇ!" ಎಂದು ಕೂಗಿದರು. ಉಮ್ಮ ಬಲಗೈಯಲ್ಲಿ ಅನ್ನಕ್ಕೆ ಮೀನುಸಾರು ಕಲಸಿದಳು. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಅಣ್ಣ ಅತ್ತುಬಿಟ್ಟ. ಅತ್ತಿಗೆಯ ಕೂಗಿಗೆ ಎದ್ದು ಬಂದ ನಾನು ಬಾಗಿಲಲ್ಲಿ ನಿಂತು ನೋಡಿದೆ.

ರೋಬೋಟಿನ ಬಗ್ಗೆ ಹೊಸ ಕರಪತ್ರ ಬರೆಯುವ. ಮೊದಲ ಸಾಲು ನೀನು ಬರೆ. ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ.

ನಿನ್ನ
ರಮೀಝ್

ಮರೆತ ಮಾತು: ಇದನ್ನು ಕರಪತ್ರದಲ್ಲಿ ಹಾಕಬೇಡ. ಆ ಶುಕ್ರವಾರ ನಾನು ಕೋಣೆಯಲ್ಲಿ ಇಬ್ಬರಿಗಾಗುವಷ್ಟು ಅನ್ನ ಬಡಿಸಿಟ್ಟು ಕಾಯುತ್ತಿದ್ದೆ. ಅವಳ ಕೈ ಇನ್ನೊಂದು ತಿಂಗಳು ತಡವಾಗಿ ಎದ್ದಿದ್ದರೆ ಎಂದು ಅನ್ನಿಸಿತು, ಚಿದಾನಂದ. ಈಗಲೂ ಬಡಿಸುವಾಗ ಕೈ ತಪ್ಪಿ ಇಬ್ಬರಿಗಾಗುವಷ್ಟೇ ಬೀಳುತ್ತದೆ.