ನಿನ್ನಮ್ಮನ ಕಲ್ಲು ಮತ್ತು ನನ್ನ ಓಟು

ಕಿಲ್‌ಬ್ರಾಕ್, ರಾಸ್‌ಕಾಮನ್ ಸೀಮೆ, ಐರ್ಲೆಂಡ್
೬ ಜನವರಿ ೧೯೧೯, ಹೆಂಗಸರ ಕ್ರಿಸ್‌ಮಸ್ಸಿನ ದಿನ

ನನ್ನ ಮುದ್ದಿನ ಡೀಲಿಯಾ,

ಇಂಗ್ಲೆಂಡಿನ ರಾಜನನ್ನು ಓಟಿನ ಪೆಟ್ಟಿಗೆಯೊಳಗೆ ಕೂರಿಸಿ ಮುಚ್ಚಳ ಬಿಗಿದವನು ನಿನ್ನ ಸೋದರಮಾವ ಮಲಕಿ ನಾಟನ್ ಎಂಬ ಸುದ್ದಿ ಇಷ್ಟರಲ್ಲಿ ಲಿವರ್‌ಪೂಲಿಗೆ ಮುಟ್ಟಿರಬೇಕು. ಸಿನ್ ಫೇನ್ ಪಕ್ಷಕ್ಕೆ ಎಪ್ಪತ್ತಮೂರು ಸ್ಥಾನ ಬಂದಿವೆ. ಅದರಲ್ಲಿ ಎಪ್ಪತ್ತನ್ನು ಗೆಲ್ಲಿಸಿದ್ದು ನಾನು. ಮಿಕ್ಕ ಮೂರು ತಾವಾಗಿಯೇ ಗೆದ್ದವು. ನಾನು ಅಡ್ಡ ಬರಲಿಲ್ಲ, ಅಷ್ಟೆ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಿದ್ದೀಯ. ಮೊದಲು ಊರಿಗೆಲ್ಲ ಆ ಹಾಳು ಜ್ವರ ಬಂತು. ಆಮೇಲೆ ಶಾಯಿ ಹೆಪ್ಪುಗಟ್ಟಿತು. ಆಮೇಲೆ ದೇಶ ಬಿಡಿಸುವ ಕೆಲಸ ಬಿತ್ತು. ಎರಡರಲ್ಲೂ ನೀನು ಕೇಳಿದ್ದು ಒಂದೇ ಮಾತು: ಅಮ್ಮನ ಸಮಾಧಿಗೆ ಕಲ್ಲು ನಿಲ್ಲಿಸಿದಿರಾ, ಈಸ್ಟರಿಗೆ ನಾನು ಬಂದಾಗ ಇನ್ನೂ ಬರೀ ಮಣ್ಣಿನ ದಿಬ್ಬ ನೋಡಬೇಕಾ? ಆ ವಿಷಯಕ್ಕೆ ಬರುತ್ತೇನೆ. ಆದರೆ ಕಲ್ಲಿನ ಕತೆ ಚುನಾವಣೆಯ ಕತೆಯೊಳಗೇ ಸಿಕ್ಕಿಕೊಂಡಿದೆ, ಬಿಡಿಸಿ ಹೇಳಲಾಗದು.

ನಿನಗೆ ಗೊತ್ತು, ನಾನು ಹಳೇ ಪಕ್ಷದವನು, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಾತಾಡಿಯೇ ಸ್ವರಾಜ್ಯ ತರುತ್ತೇವೆ ಎನ್ನುವವರ ಕಡೆ. ಮೂವತ್ತು ವರ್ಷ ಅವರ ಮೆರವಣಿಗೆಯಲ್ಲಿ ನಗಾರಿ ಹೊಡೆದವನು. ಈ ಸಿನ್ ಫೇನಿನ ಹೊಸಬರು ಹುರ್ಲಿ ಆಟದ ಕೋಲು ಹೆಗಲಿಗೇರಿಸಿ ಹೊಲದಲ್ಲಿ ಕವಾಯಿತು ಮಾಡುವಾಗ ಬೇಲಿಯಾಚೆ ನಿಂತು ನಕ್ಕವನೂ ಹೌದು. ಆಗ ಊರಿನಲ್ಲಿ ಸಿನ್ ಫೇನಿಗಿದ್ದದ್ದು ಹನ್ನೊಂದು ಜನ. ಅವರ ಮುಂದಾಳು ಕಲ್ಲುಕೆತ್ತುವ ಕೋಲ್ಮನ್ ಟಾರ್ಪಿ. ನಿನ್ನಮ್ಮನ ಕಲ್ಲನ್ನು ಒಪ್ಪಿಸಿದ್ದು ಅವನಿಗೇ.

ಹೋದ ಏಪ್ರಿಲ್‌ನಲ್ಲಿ ಲಂಡನ್ನಿನವರು ಕಾನೂನು ಮಾಡಿದರು: ಐವತ್ತರವರೆಗಿನ ಗಂಡಸರನ್ನೆಲ್ಲ ಹಿಡಿದು ಫ್ರಾನ್ಸಿನ ಯುದ್ಧಕ್ಕೆ ಸಾಗಿಸುವುದು ಎಂದು. ಹೆಣ್ಣಿನ ಕಡೆಯವರ ಎದುರು ನಾನು ಹತ್ತು ವರ್ಷದಿಂದ ನಲವತ್ನಾಲ್ಕೇ ಎಂದು ಹೇಳಿಕೊಂಡು ಬಂದಿದ್ದೆ. ಈಗ ಒಂದೇ ವಾರದಲ್ಲಿ ಐವತ್ತಾರಾಗಬೇಕಿತ್ತು. ಫಾದರ್ ಗೆರಾಟಿಯವರ ಬಳಿಗೆ ಓಡಿದೆ.

"ಐವತ್ತಾರು ಅಂತ ಒಂದು ಚೀಟಿ ಬರ್ಕೊಡಿ ಫಾದರ್."

ಅವರು ಜ್ಞಾನಸ್ನಾನದ ಪುಸ್ತಕ ತೆಗೆದು ಬೆರಳಿಟ್ಟು ನೋಡಿದರು. "ಮಲಕಿ, ಹೆಂಗಸರಿಗೆ ಒಂದು ವಯಸ್ಸು ಹೇಳ್ದೆ, ರಾಜನಿಗೆ ಇನ್ನೊಂದು ಹೇಳೋಕೆ ಹೊರಟಿದೀಯ. ದೇವರ ಹತ್ರ ಇರೋದು ನಲವತ್ತೊಂಬತ್ತು."

"ಒಂದೇ ಒಂದು ವರ್ಷಕ್ಕೆ ಸಿಕ್ಕಿಹಾಕ್ಕೊಂಡ್ನಾ?"

"ಸಿಕ್ಕಿಹಾಕ್ಕೊಂಡೆ. ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲ ಹತ್ರ ಮೇಜು ಇಡ್ತೀವಿ. ಬಂದು ಸಹಿ ಹಾಕು. ನಾವು ಯಾರೂ ಹೋಗೋದಿಲ್ಲ ಅಂತ."

ಆ ಭಾನುವಾರದ ಸಾಲನ್ನು ನೀನು ನೋಡಬೇಕಿತ್ತು, ಮಗಳೇ. ಒಂದೇ ಬಾವಿಯ ನೀರಿಗಾಗಿ ಇಪ್ಪತ್ತು ವರ್ಷ ಮಾತು ಬಿಟ್ಟವರು ಒಬ್ಬರ ಬೆನ್ನಿಗೊಬ್ಬರು ನಿಂತಿದ್ದರು. ಹಳೇ ಪಕ್ಷದವರೂ ಇದ್ದರು. ಆದರೆ ಮೇಜಿನ ಹಿಂದೆ ಕೂತು ಲೇಖನಿ ಅದ್ದಿ ಕೊಡುತ್ತಿದ್ದವನು ಕೋಲ್ಮನ್. ನಾವು ಓಟು ಕೊಟ್ಟು ಕಳಿಸಿದ ದೊಡ್ಡ ಮನುಷ್ಯರು ಲಂಡನ್ನಿನಲ್ಲಿ ಭಾಷಣ ಮಾಡುತ್ತಿದ್ದರು. ಇವನು ಚರ್ಚಿನ ಬಾಗಿಲಲ್ಲಿದ್ದ. ಜನ ಇದನ್ನು ಮರೆಯಲಿಲ್ಲ. ಯಾರನ್ನೂ ಹಿಡಿದು ಒಯ್ಯಲಿಲ್ಲ ಎನ್ನುವುದು ಬೇರೆ ಮಾತು. ನನ್ನ ಸಹಿ ನೋಡಿ ಹೆದರಿರಬೇಕು.

ಬೇಸಿಗೆಯಲ್ಲಿ ಕವಾಯಿತು ಮಾಡಿಸಿದನೆಂದು ಕೋಲ್ಮನ್‌ನನ್ನು ಜೈಲಿಗೆ ಹಾಕಿದರು. ನಿನ್ನಮ್ಮನ ಕಲ್ಲು ಅರ್ಧ ಕೆತ್ತಿದ್ದು ಹಾಗೇ ಅವನ ಕೊಟ್ಟಿಗೆಯಲ್ಲಿ ಉಳಿಯಿತು. ಅಕ್ಟೋಬರ್ ಬಂತು. ಅವನ ಆಲೂಗಡ್ಡೆ ಇನ್ನೂ ನೆಲದಲ್ಲೇ ಇತ್ತು. ಹೆಂಡತಿ ಸಬೀನಾ ಒಬ್ಬಳೇ, ಕಾಲಿಗೆ ಸುತ್ತಿಕೊಳ್ಳುವ ಮೂರು ಮಕ್ಕಳು ಬೇರೆ. ಒಂದು ಮಂಗಳವಾರ ಬೆಳಗ್ಗೆ ಯಾರೂ ಕರೆಯದೆ ನಲವತ್ತು ಜನ ಗುದ್ದಲಿ ಹೆಗಲಿಗೇರಿಸಿ, ಕೂಲಿ ಕೇಳದ ಮುಯ್ಯಾಳಿಗೆ ಹೊರಟರು. ಅದರಲ್ಲಿ ಹತ್ತು ಜನ ಸಿನ್ ಫೇನಿನವರು. ಉಳಿದವರು ಬರೀ ನೆರೆಹೊರೆ.

ನಾನು ತಮಾಷೆ ನೋಡಲು ಹೋದೆ. ಕಲ್ಲುಗೋಡೆಯ ಮೇಲೆ ಕೂತು, ಹೇಗೆ ಅಗೆಯಬೇಕೆಂದು ಎಲ್ಲರಿಗೂ ಹೇಳಿಕೊಡುತ್ತಿದ್ದೆ. ಸಬೀನಾ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಮಲಕಿಯಣ್ಣಾ, ಬಾಯಲ್ಲಿ ಆಲೂಗಡ್ಡೆ ಕೀಳೋಕಾದ್ರೆ ಕೀಳು. ಆಗ್ದಿದ್ರೆ ತಗೋ ಗುದ್ದಲಿ."

"ನಾನು ಹಳೇ ಪಕ್ಷದೋನು ಕಣಮ್ಮ."

"ಆಲೂಗಡ್ಡೆ ಯಾವ ಪಕ್ಷ ಅಂತ ನಾನೂ ಕೇಳಿಲ್ಲ."

ಎಲ್ಲರೂ ನಕ್ಕರು. ಇಳಿದೆ. ಮೂರನೇ ಸಾಲು ಹಿಡಿದು, ಒಂದೇ ಒಂದು ಗಡ್ಡೆಗೂ ಗಾಯ ಮಾಡದೆ ಕಿತ್ತೆ. ಇದು ಬಡಾಯಿಯಲ್ಲ, ಸಬೀನಾಳನ್ನು ಬೇಕಾದರೆ ಕೇಳು. ನಡುಮಧ್ಯಾಹ್ನ ಸಾರ್ಜೆಂಟು ಸೈಕಲ್ಲಿನಿಂದ ಇಳಿದು ಬೇಲಿಯ ಬಳಿ ನಿಂತ.

"ಏನಿದು? ಹೆಗಲ ಮೇಲೆ ಗುದ್ದಲಿ, ಸಾಲಾಗಿ ನಡೆಯೋದು? ಕವಾಯಿತಾ?"

"ಹೌದು ಸಾರ್ಜೆಂಟರೇ, ಆಲೂಗಡ್ಡೆಗೆ ಕವಾಯಿತು ಕಲಿಸ್ತಿದೀವಿ," ಎಂದೆ. "ಒಂದಕ್ಕೂ ಎಡ ಬಲ ಗೊತ್ತಾಗ್ತಾ ಇಲ್ಲ."

ಅವನು ಕೆಂಪಗಾಗಿ ನನ್ನ ಹೆಸರು ಪುಸ್ತಕದಲ್ಲಿ ಬರೆದುಕೊಂಡ. ಬರೆಯುವುದನ್ನು ನಲವತ್ತು ಜನ ನೋಡಿದರು. ಅಂದಿನಿಂದ ಊರಲ್ಲಿ ನಾನು ಎಲ್ಲಿ ಹೋದರೂ ಕೂರಲು ಜಾಗ ಬಿಡುತ್ತಾರೆ. ಈ ಸರ್ಕಾರ ಒಬ್ಬನನ್ನು ಜೈಲಿಗೆ ಕಳಿಸಿತು, ಅವನ ಹೊಲಕ್ಕೆ ನಲವತ್ತು ಜನರನ್ನು ಕಳಿಸಿತು. ಸಿನ್ ಫೇನಿನವರು ತಾವೇ ಹತ್ತು ವರ್ಷ ಭಾಷಣ ಮಾಡಿದ್ದರೂ ಇಷ್ಟು ಜನ ಸಿಗುತ್ತಿರಲಿಲ್ಲ.

ಆದರೂ ನವೆಂಬರಿನ ಸಂತೆಯಲ್ಲಿ ನನ್ನ ಬಾಯಿ ನನ್ನನ್ನು ಕೆಡಿಸಿತು. ದನದ ವ್ಯಾಪಾರಿ ಹ್ಯಾನ್ಲಿ ಹೆಂಡದಂಗಡಿಯಲ್ಲಿ, "ಏನೋ ನಗಾರಿ, ನಿಮ್ಮ ಹಳೇ ಪಕ್ಷದ ಹೆಣ ಯಾವಾಗ ಎತ್ತೋದು?" ಎಂದ. ಮೂವತ್ತು ವರ್ಷದ ನಗಾರಿ ಎದೆಯೊಳಗೇ ಮೊಳಗಿತು. ಹಳೇ ಪಕ್ಷವೇ ಗೆಲ್ಲುತ್ತದೆಂದು ಪಣ ಕಟ್ಟಿದೆ. ಕೆಲವೇ ಶಿಲಿಂಗ್, ನನ್ನದೇ.

ಡಿಸೆಂಬರ್ ಹದಿನಾಲ್ಕಕ್ಕೆ ಓಟು. ಜಿಟಿಜಿಟಿ ಮಳೆ. ಮೂವತ್ತು ದಾಟಿದ ಹೆಂಗಸರಿಗೂ ಈ ಸಲ ಓಟು ಇತ್ತಲ್ಲ, ಸಬೀನಾ ಹೊಸ ಶಾಲು ಹೊದ್ದು ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದಳು.

"ಕೋಲ್ಮನ್ ಕಾಗದ ಬರೆದಿದ್ದಾನೆ," ಎಂದಳು. "ಮೂರನೇ ಸಾಲು ನೀನು ಕಿತ್ತಿದ್ದು ಅಂತ ತಿಳಿಸಿದ್ದೆ. ಹೊರಗೆ ಬಂದ ಕೂಡ್ಲೇ ಮೊದಲು ನಿಮ್ಮ ಹನೋರಾ ಕಲ್ಲು, ಆಮೇಲೆ ಬೇರೆ ಅಂತಾನೆ. ಜೈಲಲ್ಲಿ ಕೂತು ಅಕ್ಷರದ ಅಳತೆ ಹಾಕ್ತಿದ್ದಾನಂತೆ."

ನಾನು ಟೋಪಿ ಕೆಳಗೆಳೆದುಕೊಂಡು ಮಳೆಯನ್ನು ಬೈದೆ.

ಒಳಗೆ ಹೋದೆ. ದಾರಕ್ಕೆ ಕಟ್ಟಿದ ಪೆನ್ಸಿಲ್ಲು. ಎರಡು ಹೆಸರು. ಒಂದರ ಮುಂದೆ ನನ್ನ ಪಣದ ದುಡ್ಡು, ಇನ್ನೊಂದರ ಮುಂದೆ ಅಕ್ಷರದ ಅಳತೆ ಹಾಕುತ್ತ ಕೂತ ಕೋಲ್ಮನ್. "ಇನ್ನೂ ಎಷ್ಟು ಹೊತ್ತು? ಎರಡೇ ಹೆಸರಿರೋದು!" ಎಂದು ಗುಮಾಸ್ತ ಕೂಗಿದ. ನನ್ನ ಜೇಬಿಗೆ ವಿರುದ್ಧವಾಗಿಯೇ ಗೀಟು ಹಾಕಿದೆ. ಇಡೀ ಐರ್ಲೆಂಡಿನಲ್ಲಿ ತನ್ನ ಪಣವನ್ನು ತಾನೇ ಸೋಲಿಸಿದವನು ನಾನೊಬ್ಬನೇ. ಈ ಬಿರುದನ್ನು ಯಾರೂ ಕಸಿಯಲಾರರು.

ಇಪ್ಪತ್ತೆಂಟಕ್ಕೆ ಎಣಿಕೆ. ಅಂದು ಗುಡ್ಡದ ಮೇಲೆ ಬೆಂಕಿ ಹಚ್ಚಿದರು. ನಗಾರಿ ಹೊಡೆಯಲು ಬೇರೆ ಯಾರಿಗೂ ಬಾರದ್ದರಿಂದ ನನ್ನನ್ನೇ ಕರೆದರು. ಅದೇ ನಗಾರಿ, ಅದೇ ತೋಳು, ಪಕ್ಷ ಮಾತ್ರ ಬೇರೆ.

ಇನ್ನು ಕಲ್ಲು. ಕೋಲ್ಮನ್ ಕ್ರಿಸ್‌ಮಸ್ಸಿನ ಮುಂಚಿನ ದಿನ ಬಿಡುಗಡೆಯಾಗಿ ಬಂದ. ಹಬ್ಬದ ಮಾರನೆಯ ದಿನದಿಂದಲೇ ಉಳಿ ಹಿಡಿದ. ಮೊನ್ನೆ ಶನಿವಾರ ಎಂಟು ಜನ ಹೊತ್ತು ತಂದು ನಿಲ್ಲಿಸಿದರು. ನಿನ್ನಮ್ಮನ ಹೆಸರು ಎಷ್ಟು ಚೆನ್ನಾಗಿದೆಯೆಂದರೆ, ಬೆರಳಿಟ್ಟರೆ ಅಕ್ಷರದೊಳಗೆ ಬೆರಳು ಕೂರುತ್ತದೆ. ನಾನು ಕೂರಿಸಿ ನೋಡಿದೆ. ಈಸ್ಟರಿಗೆ ಬಾ, ನೀನೂ ನೋಡು. ಸಬೀನಾ ನಿನಗೆಂದು ಒಂದು ಹೇಂಟೆ ಎತ್ತಿಟ್ಟಿದ್ದಾಳೆ.

ದೇವರು ನಿನ್ನನ್ನು ಆ ಊರಿನ ಹೊಗೆಯಿಂದಲೂ ನೀನು ದುಡಿಯುವ ಮನೆಯ ಒಡತಿಯ ನಾಲಿಗೆಯಿಂದಲೂ ಕಾಯಲಿ. ಮೈ ಬೆಚ್ಚಗಿಟ್ಟುಕೋ, ಹೊಟ್ಟೆತುಂಬ ತಿನ್ನು.

ನಿನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ಸೋದರಮಾವ,
ಮಲಕಿ ನಾಟನ್
(ವಯಸ್ಸು ನಲವತ್ತೊಂಬತ್ತು, ಇನ್ನು ಅಷ್ಟೇ)

ಮ.ವಿ.: ಕಾಗದ ಮಡಿಸಿದವನು ಮತ್ತೆ ಬಿಚ್ಚಿದೆ. ಕಲ್ಲಿಗೆ ಎಷ್ಟು ಕೊಟ್ಟಿರಿ ಎಂದು ನೀನು ಕೇಳಿಯೇ ಕೇಳುತ್ತೀಯ. ಕೋಲ್ಮನ್ ಒಂದು ಪೆನ್ನಿಯನ್ನೂ ಮುಟ್ಟಿಲ್ಲ. ನಾನು ತಲೆ ತಗ್ಗಿಸಿಕೊಂಡು ಹೋಗಿ ಎಲ್ಲ ಹೇಳಿದೆ. ಅವನು ಉಳಿ ಕೆಳಗಿಡದೆ, "ನನ್ನ ಆಲೂಗಡ್ಡೆ ಗುಂಡಿ ತುಂಬಿದೆ, ಮಲಕಿ. ಮುಯ್ಯಿಗೆ ಯಾರಾದ್ರೂ ಬೆಲೆ ಕೇಳ್ತಾರಾ?" ಎಂದ. ಹಾಗಾಗಿ ಕಲ್ಲು ನಿಂತದ್ದು ನನ್ನಿಂದಲ್ಲ, ಮೂರನೇ ಸಾಲಿನಿಂದ. ದುಡ್ಡು ಎರಡರಷ್ಟಾದರೆ ನಿನ್ನಮ್ಮನ ಕಲ್ಲಿನ ಮೇಲೆ ರೆಕ್ಕೆಯ ದೇವದೂತನನ್ನು ಕೆತ್ತಿಸಬಹುದೆಂದು ಆಸೆಪಟ್ಟೆ, ಡೀಲಿಯಾ. ಈಗ ಅಲ್ಲಿ ದೇವದೂತನಿಲ್ಲ, ಬರೀ ಅವಳ ಹೆಸರಿದೆ. ಮೇಲೆ ಬರೆದದ್ದು ಸುಳ್ಳಲ್ಲ, ಪಣದಲ್ಲಿ ನನ್ನದೆಂದು ಹೋದದ್ದು ನಾಲ್ಕೇ ಶಿಲಿಂಗ್. ಅದರ ಜೊತೆಗೆ, ನೀನು ಎರಡು ವರ್ಷ ಆ ಮನೆಯವರ ಬಟ್ಟೆ ಒಗೆದು ಕಲ್ಲಿಗೆಂದು ಕಳಿಸಿದ ಹನ್ನೊಂದು ಪೌಂಡೂ ಹೋಯಿತು.