ಒಮ್ಮೆ ಹಾರುವ ರಾಜ

ಕಾಕಾ,

ನೀವು ಹೋಗಿ, ಹೊಲಿಗೆ ಮಷೀನು ರಿಪೇರಿಯ ನಿಮ್ಮ ಅಂಗಡಿಯ ಶಟರ್ ಇಳಿದು ಎರಡು ತಿಂಗಳಾಯಿತು. ಲಿಂಗಸುಗೂರಿನಲ್ಲಿ ಶಾಲೆ ಬಿಟ್ಟು ಮಸ್ಕಿ ಬಸ್ಸಿಗೆ ಕಾಯುತ್ತ ನಾನು ಚದುರಂಗ ಕಲಿತಿದ್ದು ಅಲ್ಲೇ ಅಲ್ಲವೇ? ನಿಮ್ಮ ಹಳೇ ಆಟದಲ್ಲಿ ಕೋಟೆ ಕಟ್ಟುವುದು ಇರಲಿಲ್ಲ. ಶಹ, ಅಂದರೆ ಚೆಕ್, ಬೀಳುವ ಮುಂಚೆ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದಿತ್ತು. ನಾನು ಇಂಗ್ಲಿಷ್ ಪುಸ್ತಕ ತಂದು ತೋರಿಸಿದೆ: ಹಾರುವಂತಿಲ್ಲ, ರಾಜ ಮೂಲೆಗೆ ಸರಿದು ಆನೆಯನ್ನು ಪಕ್ಕಕ್ಕೆ ಕರೆದುಕೊಳ್ಳಬೇಕು, ಅದೇ ಕೋಟೆ.

"ರಾಜಾ ಆಗಿ ಮೂಲ್ಯಾಗ ಅಡಗೋದೇನಬೇ? ಆತು ಬಿಡು, ನೀ ಓದಾಕಿ. ನಿನ್ನ ಕಾಯ್ದೇನ ಇರಲಿ."

ಮೂವತ್ತು ವರ್ಷ ನನ್ನ ಕಾಯ್ದೆಯಲ್ಲೇ ಆಡಿದಿರಿ.

ಕೊನೆಯ ಸಲ ನಾನು ಸಿಂಧನೂರಿನಿಂದ ಬಂದಾಗ ಚಾಚಿ ನಿಮ್ಮ ಮನೆಯ ಬಾಗಿಲಲ್ಲೇ ತಡೆದರು. "ನಿನ್ನೆ ನನಗ, ನೀ ಯಾರು ಅಂತ ಕೇಳ್ಯಾರ. ಏನರ ತಪ್ಪಿದ್ರ ಸುಮ್ನಿರು ಬೇಟಿ."

ಎಂದಿನಂತೆ ಬಿಳಿ ನನಗೆ. ರಾಣಿಯ ಮುಂದಿನ ಪ್ಯಾದೆ ಎರಡು ಹೆಜ್ಜೆ. "ಬಂತು ನೋಡು, ವಜೀರನ ಪ್ಯಾದೆ! ಬ್ಯಾರೆ ಆಟ ಬರಂಗಿಲ್ಲೇನ ನಿನಗ?" ಎಂದಿರಿ. ಅಷ್ಟು ನೆನಪಿತ್ತು. ಕೋಟೆಯನ್ನೂ ಕಟ್ಟಿದಿರಿ. ಅದನ್ನು ಕಾಯುತ್ತಿದ್ದ ಕುದುರೆಯನ್ನು ಹೊಡೆದೆ. ನನ್ನ ರಾಣಿ, ಅವಳ ಬೆನ್ನಿಗೆ ಒಂಟೆ, ಒಂದೇ ಓರೆಗೆರೆಯಲ್ಲಿ. ಇನ್ನೊಂದೇ ನಡೆಗೆ ನಿಮ್ಮ ರಾಜ ಸಾಯುತ್ತಿದ್ದ.

ಆಗ ನೀವು ಅವನನ್ನೆತ್ತಿ ಕುದುರೆಯ ಹಾಗೆ ಕೋಟೆಯ ಹೊರಗೆ ಹಾರಿಸಿದಿರಿ.

"ಹಂಗ ಬರಂಗಿಲ್ಲ ಕಾಕಾ."

"ಯಾಕ? ಇನ್ನಾ ಶಹ ಬಿದ್ದಿಲ್ಲಲ್ಲ?"

ಕೈಯಾರೆ ಅವನನ್ನು ಮೂಲೆಗೆ ವಾಪಸ್ಸಿಟ್ಟೆ. ಕೊಂದೆ. ನೀವು ಹಲಗೆಯನ್ನಲ್ಲ, ನನ್ನನ್ನು ನೋಡಿದಿರಿ. "ನೀ ಯಾರ ಮಗಳಬೇ?"

ಹೊರಡುವಾಗ ಚಾಚಿ, "ಯಾರು ಗೆದ್ರು?" ಎಂದರು. "ಕಾಕಾ" ಎಂದು ಹೇಳಿ ಬಸ್ಸು ಹತ್ತಿದೆ.

ಅದು ಮರೆವೇ? ಇಲ್ಲ, ಒಂದು ಸಲವಾದರೂ ನಿಮ್ಮ ಕಾಯ್ದೆ ನಡೆಯಲಿ ಎಂದು ಕೇಳಿದಿರಾ? ನಿಯಮ ಎಂದರೆ ನಿಯಮ ಎಂದುಕೊಂಡೆ. ಆದರೆ ನನಗೆ ಗೆಲ್ಲಬೇಕಿತ್ತು, ಕಾಕಾ. ನಿಮ್ಮ ಆ ಸ್ಥಿತಿಯಲ್ಲೂ...

ಇವತ್ತು ಒಬ್ಬಳೇ ಕೂತು ಅದೇ ಆಟ ಹೂಡಿದೆ. ರಾಜನನ್ನು ಹಾರಲು ಬಿಟ್ಟೆ. ನನ್ನ ರಾಣಿ ಖಾಲಿ ಮೂಲೆಗೆ ನುಗ್ಗಿದಳು. ನಿಮ್ಮ ಆನೆ ಅವಳ ಮೇಲೆ ಬಂತು. ಆರು ಸಲ ಆಡಿದೆ, ಎರಡೂ ಕಡೆ ಮೋಸವಿಲ್ಲದೆ. ರಾಜ ಒಮ್ಮೆಯೂ ಸಿಗಲಿಲ್ಲ.

ಮಂಗಳವಾರ ಲಿಂಗಸುಗೂರಿಗೆ ಬರುತ್ತೇನೆ. ಚಾಚಿಗೆ ನಿಜ ಹೇಳುತ್ತೇನೆ: ನಿಮ್ಮ ರಾಜ ಉಳಿದುಕೊಂಡಿದ್ದ. ವಾಪಸ್ಸಿಟ್ಟವಳು ನಾನು.